ದೇವರ ಮೇಲೆ ಭಾರ ಹಾಕುವುದು ಅಂದರೆ ಏನೂ ಮಾಡದೆ ಸುಮ್ನೆ ಕೂರುವುದಾ?

ಇಲ್ಲ. ದುಡಿಯಬೇಕು, ಆದರೆ ಭರವಸೆ ಆ ದುಡಿಮೆಯ ಮೇಲೆ ಇರಬಾರದು.

ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 7ನೇ ಅಧ್ಯಾಯದಲ್ಲಿ ಬರುವ ಇಸ್ರಾಯೇಲ್ಯರ ನಾಯಕ ಗಿದ್ಯೋನನನ್ನು ನೋಡಿ. ಶತ್ರುಗಳಾದ ಮಿದ್ಯಾನ್ಯರ ವಿರುದ್ಧ ಯುದ್ಧಕ್ಕೆ ಅವನ ಹತ್ತಿರ 32,000 ಜನ ಇದ್ದರು. ಇದು ಜಾಸ್ತಿಯಾಯಿತು ಅಂದರು ದೇವರು. ಹೆದರಿದ 22,000 ಮಂದಿ ಮನೆಗೆ ಹೋದರು. ನೀರಿನ ಹತ್ತಿರ ಪರೀಕ್ಷೆ ಮಾಡಿದ ಮೇಲೆ ಉಳಿದವರು ಬರೀ 300. ಕಾರಣವೂ ಅಲ್ಲೇ ಇದೆ: ನಮ್ಮ ಕೈಯಿಂದಲೇ ಗೆದ್ದೆವು ಅಂತ ಇಸ್ರಾಯೇಲ್ಯರು ಕೊಚ್ಚಿಕೊಳ್ಳಬಾರದು. ಹಾಗಂತ ಆ 300 ಜನ ಮಲಗಿರಲಿಲ್ಲ, ಅಲ್ವಾ? ರಾತ್ರಿಯಲ್ಲಿ ಶತ್ರುಗಳ ಪಾಳೆಯದ ಸುತ್ತ ನಿಂತು ಕೊಂಬು ಊದಿದರು, ಕೊಡ ಒಡೆದರು, ಪಂಜು ಹಿಡಿದರು. ಗೆಲುವು ಮಾತ್ರ ದೇವರದು.

ಯೇಸುವಿನ ಅಪೊಸ್ತಲ ಪೌಲನೂ ಎಲ್ಲರಿಗಿಂತ ಜಾಸ್ತಿ ದುಡಿದೆ ಅನ್ನುತ್ತಾನೆ. ಕೂಡಲೇ, ಅದು ನಾನಲ್ಲ, ದೇವರ ಕೃಪೆ ಅನ್ನುತ್ತಾನೆ (1 ಕೊರಿಂಥ 15:10).

ನನಗನ್ನಿಸುವಂತೆ ಕಷ್ಟ ಬರುವುದು ಶುರುವಿನಲ್ಲಲ್ಲ, ನಡುದಾರಿಯಲ್ಲಿ. ಪಾಪದಿಂದ ರಕ್ಷಣೆ ದೇವರ ಕೃಪೆಯಿಂದ ಅಂತ ಮನಸಾರೆ ಒಪ್ಪಿದವರೇ ಆಮೇಲೆ ಕೋಪ ಬಿಡಲು, ಚಟ ಬಿಡಲು ಹಲ್ಲು ಕಚ್ಚಿ ಒಬ್ಬರೇ ಹೆಣಗುತ್ತಾರೆ. ಪವಿತ್ರಾತ್ಮನಿಂದ ಶುರುಮಾಡಿ ಈಗ ಸ್ವಂತ ಬಲದಿಂದ ಮುಗಿಸುತ್ತೀರಾ ಅಂತ ಗಲಾತ್ಯ 3:3 ಕೇಳುವುದು ಇದನ್ನೇ. ಬಿದ್ದಾಗ ಮೊದಲು, 'ಕರ್ತನೇ, ನನ್ನಿಂದ ಆಗುತ್ತಿಲ್ಲ' ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಎದ್ದು, ಕ್ಷಮೆ ಕೇಳಬೇಕಾದವರ ಹತ್ತಿರ ಹೋಗಿ ಕೇಳಿ.