ನಿದ್ದೆ, ಮಾತ್ರೆ, ಮನೆಯವರ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆಯ (ಒಮ್ಮೆ ವಿಪರೀತ ಹುರುಪು, ಒಮ್ಮೆ ಖಿನ್ನತೆ ಬಂದುಹೋಗುವ ಕಾಯಿಲೆ) ಬಗ್ಗೆ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇವೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇವೆ. ಮಾತ್ರೆಯ ಡೋಸ್ ಹೆಚ್ಚುಕಡಿಮೆ ಮಾಡುವುದು ನಿಮ್ಮ ವೈದ್ಯರಿಗೆ ಬಿಟ್ಟದ್ದು. ಇಲ್ಲಿ ಹೇಳಿರುವುದು ಮನೆಯವರು ಮಾಡಬಹುದಾದ ಕೆಲಸ.

ನಮ್ಮ ಯಜಮಾನರಿಗೆ 41 ವರ್ಷ, ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಹತ್ತು ದಿನ ಸರಿಯಾಗಿ ಮಲಗಲೇ ಇಲ್ಲ. ಹೊಸ ಹೋಟೆಲು ಹಾಕುತ್ತೇನೆಂದು ಸಾಲ ಮಾಡಿ ಅಡ್ವಾನ್ಸ್ ಕೊಟ್ಟು ಬಂದರು. ಆಸ್ಪತ್ರೆಯಲ್ಲಿ ಬೈಪೋಲಾರ್ ಎಂದರು, ಲಿಥಿಯಂ ಮಾತ್ರೆ ಕೊಟ್ಟಿದ್ದಾರೆ. ಮನೆಗೆ ಬಂದು ಎರಡು ತಿಂಗಳಾಯಿತು. ಈಗ "ನಾನು ಸರಿಯಾಗಿದ್ದೇನೆ, ಇನ್ನು ಮಾತ್ರೆ ಯಾಕೆ?" ಎನ್ನುತ್ತಾರೆ. ಅತ್ತೆ ದಿನಕ್ಕೆ ಹತ್ತು ಸಲ ಮಾತ್ರೆಯ ವಿಷಯ ಕೇಳಿ ದಿನವೂ ಜಗಳ. ಇದಕ್ಕೆ ಕೊನೆ ಇದೆಯೇ?
— ಡೊಂಬಿವಲಿ

ಕಾಯಿಲೆ ಪೂರ್ತಿ ಹೋಗಿಬಿಡುತ್ತದೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಬಿಪಿ, ಶುಗರ್ ಹಾಗೆ ಹಿಡಿತದಲ್ಲಿಟ್ಟುಕೊಂಡು ದುಡಿದು, ಮಕ್ಕಳನ್ನು ಓದಿಸಿ ಬದುಕುವವರು ಬಹಳ ಮಂದಿ ಇದ್ದಾರೆ. ನಿಮ್ಮ ಯಜಮಾನರು ಸರಿಯಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಉನ್ಮಾದ (ಆ ವಿಪರೀತ ಹುರುಪಿನ ಸ್ಥಿತಿ) ಮರಳುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದಾಗಲೂ ವೈದ್ಯರು ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಇಳಿಸುತ್ತಾರೆ. ಈ ವಿಷಯವನ್ನು ನೀವು ಹೇಳುವುದಕ್ಕಿಂತ ವೈದ್ಯರ ಬಾಯಿಂದ ಕೇಳಿಸುವುದು ಒಳ್ಳೆಯದು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಹೋಗಿ, ಅವರ ಎದುರಿಗೇ ಕೇಳಿ. ಮಾತ್ರೆ ಬೇಡ ಎನ್ನುವುದರ ಹಿಂದೆ ಅವರು ಬಾಯಿಬಿಟ್ಟು ಹೇಳದ ಕಾರಣಗಳೂ ಇರುತ್ತವೆ: ಕೈ ನಡುಕ, ಬಾಯಾರಿಕೆ, ತೂಕ ಏರುವುದು. ಗಲ್ಲೆಯಲ್ಲಿ ನೋಟು ಎಣಿಸುವವರಿಗೆ ಕೈ ನಡುಗಿದರೆ ಎಷ್ಟು ಮುಜುಗರ, ಯೋಚಿಸಿ. ಡೋಸ್ ಅಥವಾ ಮಾತ್ರೆಯ ಹೊತ್ತು ಬದಲಿಸಿದರೆ ಎಷ್ಟೋ ಸಲ ಅದು ಕಡಿಮೆಯಾಗುತ್ತದೆ.

ಲಿಥಿಯಂ ವಿಷಯದಲ್ಲಿ ಮನೆಯವರು ಹೆಚ್ಚಾಗಿ ಎಡವುವುದು ರಕ್ತ ಪರೀಕ್ಷೆಯಲ್ಲಿ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ತೆಗೆದುಕೊಂಡರೆ ಬೆಳಿಗ್ಗೆ 9ಕ್ಕೆ. ಬೆಳಗಿನ ಮಾತ್ರೆಯೂ ಇದ್ದರೆ ಅದನ್ನು ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲಿ. ಮೊದಲೇ ನುಂಗಿದರೆ ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ. ಅದನ್ನು ನೋಡಿ ವೈದ್ಯರು ಡೋಸ್ ಇಳಿಸಿದರೆ ಕಾಯಿಲೆ ಮತ್ತೆ ತಲೆಯೆತ್ತಬಹುದು. ಸಾಮಾನ್ಯವಾಗಿ ಲಿಥಿಯಂ ಮಟ್ಟ 0.6ರಿಂದ 1.0 mEq/Lನ ಒಳಗಿರಬೇಕು. ಡೋಸ್ ಬದಲಾಗಿ ಒಂದು ವಾರವಾದ ಮೇಲೆ ಒಮ್ಮೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಿಸಬೇಕು. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯದು) ಮತ್ತು ಥೈರಾಯ್ಡ್ ಪರೀಕ್ಷೆಯೂ ಬೇಕು.

ಅವರದು ಹೋಟೆಲು ಕೆಲಸ, ಒಲೆಯ ಬಳಿ ಬೆವರು ಹೆಚ್ಚು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನೀರಿನ ಬಾಟಲಿ ಗಲ್ಲೆಯ ಪಕ್ಕದಲ್ಲೇ ಇರಲಿ. ಏಕಾದಶಿ ಎಂದು ಉಪ್ಪು, ನೀರು ಬಿಟ್ಟು ಉಪವಾಸ ಬೇಡ. ಸೊಂಟನೋವೆಂದು ಮೆಡಿಕಲ್‌ನಲ್ಲಿ ಕೇಳಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವುದೂ ಅಪಾಯ (ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ). ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಪಿಗೆ ಯಾರಾದರೂ ಹೊಸ ಮಾತ್ರೆ ಬರೆದರೆ ಲಿಥಿಯಂ ನಡೆಯುತ್ತಿದೆ ಎಂದು ಮೊದಲೇ ಹೇಳಿ. ವಾಂತಿ, ಭೇದಿ, ಜೋರು ನಡುಕ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಮುಂದಿನ ಮಾತ್ರೆ ಕೊಡದೆ ಆವತ್ತೇ ಆಸ್ಪತ್ರೆಗೆ ಹೋಗಿ.

ಅತ್ತೆಯವರ ಮಾತಿಗೆ ಬರೋಣ. ತಾಯಿಯ ಕರುಳು, ತಪ್ಪಲ್ಲ. ಆದರೆ ಮನೆಯಲ್ಲಿ ಸದಾ ಟೀಕೆ, ಸದಾ ಕಾವಲು ಇದ್ದರೆ ಕಾಯಿಲೆ ಬೇಗ ಮರಳುತ್ತದೆ ಎಂಬುದು ದಶಕಗಳ ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಮೆಡಿಕಲ್‌ನಲ್ಲಿ ಏಳು ಖಾನೆಯ ಮಾತ್ರೆ ಡಬ್ಬಿ ಸಿಗುತ್ತದೆ. ಭಾನುವಾರ ರಾತ್ರಿ ಯಜಮಾನರೇ ತುಂಬಿಸಲಿ, ಡಬ್ಬಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿರಲಿ. ಮಲಗುವ ಮುಂಚೆ ನೀವೊಬ್ಬರು ಒಮ್ಮೆ ಖಾನೆ ನೋಡಿದರೆ ಮುಗಿಯಿತು, ಕೇಳುವ ಮಾತೇ ಇಲ್ಲ. ಖಾನೆ ಖಾಲಿಯಾಗದಿದ್ದರೆ ಬೆಳಿಗ್ಗೆ ಮೆಲ್ಲಗೆ ಒಂದು ಸಲ ಹೇಳಿ. ತಪ್ಪಿದ ಮಾತ್ರೆಗೆ ಬದಲಾಗಿ ಎರಡು ನುಂಗಬಾರದು. ಸಾರಿನಲ್ಲಿ ಕಲಸಿ ಗೊತ್ತಾಗದಂತೆ ಕೊಡುವುದು ಬೇಡವೇ ಬೇಡ. ಒಮ್ಮೆ ಗೊತ್ತಾದರೆ ನಿಮ್ಮ ಕೈಯ ಊಟವನ್ನೂ ಅವರು ನಂಬುವುದಿಲ್ಲ.

ಈಗ ಅವರು ಸಮಾಧಾನದಲ್ಲಿದ್ದಾರೆ, ಇದೇ ಸರಿಯಾದ ಹೊತ್ತು. ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಕಳೆದ ಸಲ ಜೋರಾಗುವ ಒಂದು ವಾರ ಮುಂಚೆ ಏನೇನಾಯಿತು? ನಿದ್ದೆ ಎಷ್ಟು ಗಂಟೆಗೆ ಇಳಿಯಿತು, ರಾತ್ರಿ ಯಾರಿಗೆಲ್ಲ ಫೋನ್ ಮಾಡಿದರು, ಮಾತು ಎಷ್ಟು ವೇಗವಾಯಿತು. ಪ್ರತಿಯೊಬ್ಬರಿಗೂ ಈ ಸುಳಿವು ಬೇರೆ ಬೇರೆ, ಆದರೆ ಮೊದಲ ಸುಳಿವು ಹೆಚ್ಚಾಗಿ ನಿದ್ದೆಯೇ. ಎರಡು ರಾತ್ರಿ ಸತತ ನಾಲ್ಕು ಗಂಟೆಗಿಂತ ಕಡಿಮೆ ಮಲಗಿಯೂ ದಣಿವೇ ಇಲ್ಲದಿದ್ದರೆ ಮೂರನೆಯ ರಾತ್ರಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡುವುದು ಎಂದು ಅದೇ ಹಾಳೆಯಲ್ಲಿ ಅವರ ಒಪ್ಪಿಗೆ ಬರೆಸಿ, ಸಹಿ ಹಾಕಿಸಿ. ಹಣದ್ದೂ ಬರೆಯಿರಿ. ಯುಪಿಐ ಮಿತಿ ಇಳಿಸುವುದು, ಕಾರ್ಡು ನಿಮ್ಮ ಬಳಿ ಇಡುವುದು, ಐದು ಸಾವಿರ ದಾಟಿದ ವ್ಯವಹಾರಕ್ಕೆ ಎರಡು ರಾತ್ರಿ ಕಾಯುವುದು. ಹೋಟೆಲಿನ ಸೇಠರ ಹತ್ತಿರ ಒಂದೇ ಪಾಳಿ ಕೇಳಿಕೊಳ್ಳಿ. ಒಂದು ವಾರ ಬೆಳಿಗ್ಗೆ 5ಕ್ಕೆ ಶಟರ್ ತೆಗೆದು, ಮರುವಾರ ರಾತ್ರಿ 12ಕ್ಕೆ ಹಾಕುವ ಕೆಲಸ ಈ ಕಾಯಿಲೆಗೆ ಆಗಿಬರುವುದಿಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ಅವರು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ನಿಮ್ಮನ್ನು ತಮ್ಮ ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಬಹುದು. ಇದನ್ನೂ ಈಗಲೇ ಮಾಡಿಸಿ. ಮತ್ತೆ ದಾಖಲು ಮಾಡುವ ದಿನ ಬಂದರೆ ಸಹಿ ಯಾರದು ಎಂದು ಭಾವಂದಿರೊಂದಿಗೆ ಎಳೆದಾಡುವುದು ತಪ್ಪುತ್ತದೆ.

ಮಗಳು ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾಳೆ, 24 ವರ್ಷ. ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಏಳುತ್ತಿಲ್ಲ. ನಾನು ಹುಬ್ಬಳ್ಳಿಯಿಂದ ಬಂದು ಅವಳ ರೂಮಿನಲ್ಲೇ ಇದ್ದೇನೆ. ವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟು ಹತ್ತು ದಿನವಾಯಿತು, ಏನೂ ಫರಕು ಇಲ್ಲ. "ಎದ್ದು ನಾಕು ಮಂದಿ ಜೊತಿ ಬೆರಿ, ಎಲ್ಲಾ ಸರಿ ಆಗ್ತದ" ಅಂದ್ರೆ ಗೋಡೆ ಕಡೆ ತಿರುಗಿ ಅಳುತ್ತಾಳೆ.
— ಪಿಂಪರಿ

ತಾಯಿ, ಹತ್ತು ದಿನ ಬಹಳ ಕಡಿಮೆ. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆರು ವಾರ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಇರುತ್ತದೆ. ಊಟದ ನಂತರ ಕೊಟ್ಟರೆ ಹೊಟ್ಟೆಯ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯಬೇಕು. ಇದು ಚಟ ಹಿಡಿಸುವ ಮದ್ದಲ್ಲ. ಆದರೆ ಒಂದೇ ಸಲಕ್ಕೆ ಬಿಟ್ಟರೆ ತಲೆ ತಿರುಗುವುದು, ಮೈಯಲ್ಲಿ ಕರೆಂಟು ಹೊಡೆದಂತಾಗುವುದು ಉಂಟು.

ವೈದ್ಯರಿಗೆ ಒಂದು ಮಾತು ತಪ್ಪದೆ ಹೇಳಿ: ಹಿಂದೆ ಎಂದಾದರೂ ಅವಳು ನಾಲ್ಕೈದು ದಿನ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿ, ವಿಪರೀತ ಖರ್ಚು, ವಿಪರೀತ ಮಾತಿನಲ್ಲಿ ಇದ್ದದ್ದುಂಟೇ? ಮನೆತನದಲ್ಲಿ ಯಾರಿಗಾದರೂ ಹಾಗಿತ್ತೇ? ಇದ್ದರೆ ಅದು ಬೈಪೋಲಾರ್ ಆಗಿರಬಹುದು. ಆಗ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದದತ್ತ ದೂಡಿದಂತಾಗುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿರದಿದ್ದರೆ ಅದನ್ನೂ ಕೇಳಿ.

ನಾಕು ಮಂದಿ ಜೊತೆ ಬೆರೆಯುವುದು ಅವಳಿಗೆ ಇವತ್ತು ಗುಡ್ಡ ಹತ್ತಿದಂತೆ. "ಅದೂ ನನ್ನ ಕೈಲಿ ಆಗಲಿಲ್ಲ" ಎಂದು ಇನ್ನೂ ಕುಗ್ಗುತ್ತಾಳೆ, ಅಳುವುದು ಅದಕ್ಕೆ. ಬೆಟ್ಟವನ್ನು ಮೆಟ್ಟಿಲಷ್ಟು ಮಾಡಿ. ಮೊದಲ ಮೂರು ದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಕಿಟಕಿ ಹತ್ತಿರ ಹತ್ತು ನಿಮಿಷ ಕೂರುವುದು, ಅಷ್ಟೇ. ಆಮೇಲೆ ನೀವು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಮೆಂತ್ಯ ಸೊಪ್ಪು ಬಿಡಿಸಲು ಕೊಡಿ. ಇಡೀ ಕಟ್ಟು ಬೇಡ, ಕಾಲು ಕಟ್ಟು. ಎಲೆ ಕಿತ್ತು ದಂಟು ಬೇರೆ ಮಾಡುತ್ತ ಕೈ ತಾನಾಗಿ ಓಡುತ್ತದೆ, ಮಾತನಾಡಬೇಕಿಲ್ಲ, ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಎರಡನೆಯ ವಾರ ಬಿಲ್ಡಿಂಗ್ ಗೇಟಿನವರೆಗೆ ನಡಿಗೆ. ಕ್ಯಾಲೆಂಡರಿನಲ್ಲಿ ಆವತ್ತು ಮಾಡಿದ್ದನ್ನು ಬರೆಯಿರಿ, "ಹೆಂಗ ಅನಸ್ತು" ಎಂದು ಕೇಳಬೇಡಿ. ಮೊದಲು ಕೈಕಾಲು ಆಡುತ್ತದೆ, ಮನಸ್ಸು ಅದರ ಹಿಂದೆ ತಡವಾಗಿ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಒಂದು ದಿನ ಗೆಲುವಾಗಿ ಕಂಡಳೆಂದು ಮಾಲ್, ಗುಡಿ, ನೆಂಟರ ಮನೆ ಎಂದು ಸುತ್ತಿಸುವುದು. ಮರುದಿನ ಅವಳು ಮತ್ತೆ ನೆಲ ಕಚ್ಚುತ್ತಾಳೆ. ಒಳ್ಳೆಯ ದಿನವೂ ಅಳತೆ ಅದೇ ಇರಲಿ.

"ನಿನಗೇನು ಕಡಿಮೆಯಾಗಿದೆ?" ಎನ್ನುವ ಬದಲು "ಇದು ಕಾಯಿಲೆ, ನೀ ಸೋಮಾರಿ ಅಲ್ಲ, ನಾ ಇಲ್ಲೇ ಇರ್ತೀನಿ" ಎನ್ನಿ. ದಿನಕ್ಕೊಮ್ಮೆ ಅಂದರೂ ಸಾಕು. ಉತ್ತರ ಬರದಿದ್ದರೂ ಕಿವಿಗೆ ಬಿದ್ದಿರುತ್ತದೆ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳುವವರಿದ್ದರೆ ಎದೆಯ ಭಾರ ಇಳಿಯುತ್ತದೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಅದರಲ್ಲೂ 25ರ ಒಳಗಿನವರ ಮೇಲೆ, ಹೆಚ್ಚು ಗಮನ ಬೇಕು. ಮನಸ್ಸು ತಿಳಿಯಾಗುವ ಮುಂಚೆ ಮೈಗೆ ಶಕ್ತಿ ಬಂದುಬಿಡುವುದುಂಟು. ಮಾತ್ರೆಗಳು ನಿಮ್ಮ ಬಳಿ ಇರಲಿ, ಒಂದೊಂದು ದಿನದ್ದು ಮಾತ್ರ ಕೊಡಿ. ಸಾಯುವ ಯೋಚನೆ ಇದೆ ಎಂದರೆ ಒಬ್ಬಳನ್ನೇ ಬಿಡಬೇಡಿ, ಆವತ್ತೇ ವೈದ್ಯರ ಬಳಿ ಅಥವಾ ಸಸೂನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಡುರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತನಾಡುತ್ತಾರೆ.

ತಮ್ಮ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಒಮ್ಮೆ ವಾರಗಟ್ಟಲೆ ಮಂಕು, ಒಮ್ಮೆ ವಿಪರೀತ ಸಿಟ್ಟು, ಮಾತು. ದಿನಾ ಕುಡಿಯುತ್ತಾನೆ. ಊರಲ್ಲಿ ಗಾಳಿ ಸೋಕಿದೆ, ದೇವರಿಗೆ ಕರೆದುಕೊಂಡು ಬಾ ಎನ್ನುತ್ತಾರೆ. ಎಲ್ಲಿ ತೋರಿಸಲಿ?
— ವಾಸ್ಕೋ

ದೇವರಿಗೆ ಹೋಗಿ ಬನ್ನಿ, ಅದರಿಂದ ಮನೆಯವರಿಗೂ ಧೈರ್ಯ. ಆದರೆ ಚಿಕಿತ್ಸೆಯನ್ನು ಜಾತ್ರೆ ಮುಗಿಯುವವರೆಗೆ ಮುಂದೂಡಬೇಡಿ. ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜಿನ ಹತ್ತಿರವೇ ಸರ್ಕಾರಿ ಮನೋರೋಗ ಆಸ್ಪತ್ರೆ, ಐಪಿಎಚ್‌ಬಿ, ಇದೆ. ಬೆಳಿಗ್ಗೆಯೇ ಹೋಗಿ, ಆಧಾರ್ ಮತ್ತು ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಅವನು ಹೇಳದ್ದನ್ನು ನೀವು ಹೇಳಬೇಕಾಗುತ್ತದೆ: ಯಾವ ತಿಂಗಳು ಮಂಕಾಗಿದ್ದ, ಯಾವ ತಿಂಗಳು ಜೋರು, ಎಷ್ಟು ದಿನ, ನಿದ್ದೆ ಎಷ್ಟು. ಭಾಷೆ ತೊಡಕಾದೀತೆಂದು ಅನಿಸಿದರೆ ಇದನ್ನು ಮೊದಲೇ ಬರೆದುಕೊಂಡು, ಹಿಂದಿ ಅಥವಾ ಕೊಂಕಣಿ ಬಲ್ಲ ಒಬ್ಬರನ್ನು ಕರೆದೊಯ್ಯಿರಿ. ಊರಿಗೆ ಹೋಗಿ ನೆಲೆಸುವುದಾದರೆ ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮುಂದುವರಿಸಬಹುದು, ಇಲ್ಲಿಯ ಫೈಲು ಅಲ್ಲಿಗೆ ಬೇಕು.

ಕುಡಿತದ ಬಗ್ಗೆ ಒಂದು ಎಚ್ಚರ. ದಿನಾ ಬಹಳ ಕುಡಿಯುವವನಿಗೆ "ಇವತ್ತಿಂದ ಬಂದ್" ಎಂದು ಆಣೆ ಹಾಕಿಸಿ ರೂಮಿನಲ್ಲಿ ಕೂಡಿಹಾಕಬೇಡಿ. ಎರಡು ಮೂರು ದಿನದಲ್ಲಿ ಫಿಟ್ಸ್, ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಜನ ಅದನ್ನೇ ಗಾಳಿ ಎಂದು ತಿಳಿಯುತ್ತಾರೆ. ಬಿಡಿಸುವುದು ಆಸ್ಪತ್ರೆಯಲ್ಲಿ, ಮಾತ್ರೆಯ ಆಸರೆಯಲ್ಲಿ ಆಗಲಿ.

ನನಗೆ 29. ಬೈಪೋಲಾರ್ ಇದೆ, ನಾಲ್ಕು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ, ಕೆಲಸವೂ ತಪ್ಪಿಲ್ಲ. ಮನೆಯಲ್ಲಿ ಉಡುಪಿ ಕಡೆ ಹುಡುಗಿ ನೋಡುತ್ತಿದ್ದಾರೆ. "ಮದುವೆ ಆಗುವ ತನಕ ಬಾಯಿ ಬಿಡಬೇಡ" ಎನ್ನುತ್ತಾರೆ ದೊಡ್ಡಪ್ಪ.
— ಮೀರಾ ರೋಡ್

ಮದುವೆ ಖಂಡಿತ ಆಗಬಹುದು. ಮುಚ್ಚಿಟ್ಟು ಬೇಡ. ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಲ್ಲಿ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು, ವಂಚಿಸಿ ಒಪ್ಪಿಗೆ ಪಡೆದರೆ ಮದುವೆ ರದ್ದು ಕೇಳುವ ಅವಕಾಶವಿದೆ. ಕಾನೂನಿಗಿಂತ ದೊಡ್ಡ ತೊಂದರೆ ಮನೆಯೊಳಗಿನದು. ಹೆಂಡತಿಯ ಕಣ್ಣು ತಪ್ಪಿಸಿ ಮಾತ್ರೆ ನುಂಗಬೇಕಾಗುತ್ತದೆ, ಹೊಸ ಮನೆಯ ಗದ್ದಲದಲ್ಲಿ ಅದು ತಪ್ಪುತ್ತದೆ. ಮದುವೆಯ ಓಡಾಟ, ಮೆಹಂದಿ, ರಾತ್ರಿಯ ಬಸ್ಸು ಎಂದು ನಿದ್ದೆಯೂ ಕೆಡುವ ದಿನಗಳವು. ಎರಡೂ ಸೇರಿದರೆ ಮೊದಲ ತಿಂಗಳಲ್ಲೇ ಕಾಯಿಲೆ ಮರಳಬಹುದು, ಆಗ ಅವಳಿಗೆ ಏನಾಗುತ್ತಿದೆ ಎಂದೇ ತಿಳಿಯದು.

ಮೊದಲ ಭೇಟಿಯಲ್ಲೇ ಹೇಳಬೇಕಿಲ್ಲ. ಇಬ್ಬರಿಗೂ ಮನಸ್ಸಿದೆ ಎಂದು ತಿಳಿದ ಮೇಲೆ, ನಿಶ್ಚಯಕ್ಕೆ ಮುಂಚೆ, ದೊಡ್ಡಪ್ಪನ ಮೂಲಕವಲ್ಲದೆ ನೀವೇ ಹುಡುಗಿಗೆ ಹೇಳಿ. ಕಾಯಿಲೆಯ ಹೆಸರು, ಯಾವ ಮಾತ್ರೆ, ಕೊನೆಯ ಸಲ ಯಾವಾಗ ಜೋರಾಗಿತ್ತು, ಮರಳಿದರೆ ಏನು ಮಾಡಬೇಕು. ಮಕ್ಕಳಿಗೆ ಬರುತ್ತದೆಯೇ ಎಂದು ಅವಳು ಕೇಳಿಯೇ ಕೇಳುತ್ತಾಳೆ: ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಒಪ್ಪಿದರೆ ಒಂದು ದಿನ ನಿಮ್ಮ ವೈದ್ಯರ ಬಳಿ ಇಬ್ಬರೂ ಹೋಗಿ, ಅವಳ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡಲಿ. ನಾಲ್ಕು ವರ್ಷದ ಫೈಲು, ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿಗಳು ಎಲ್ಲ ಕೈಯಲ್ಲಿರಲಿ. ಅವಳು ಒಂದೊಂದಾಗಿ ತಿರುವಿ ನೋಡಲಿ, ನೀವು ಅವಸರ ಮಾಡಬೇಡಿ.