ಗುಂಪು ಸೇರು, ಕಾಗದ ಎತ್ತಿಡು

ತಂಗಿ, ಚಿತ್ರಕಲಾ ಪರಿಷತ್ತು ಮುಗಿಸಿ ಆಗಸ್ಟಿಗೆ ನ್ಯೂಯಾರ್ಕಿಗೆ ಓದಲು ಬರುತ್ತಿದ್ದೀಯ. ‘ಬಿಳಿಯರಲ್ಲದ ಕಲಾವಿದರು ಅಲ್ಲಿ ಗುಂಪು ಕಟ್ಟಿಕೊಂಡಿರ್ತಾರಂತೆ, ಸೇರಲೋ, ಒಬ್ಬಳೇ ಗ್ಯಾಲರಿ ಬಾಗಿಲು ತಟ್ಟಲೋ’ ಅಂತ ಕೇಳಿದ್ದೀಯ. ಬಾಡಿಗೆ, ಚಳಿ ಅಂತಲೂ ಕೇಳಿದ್ದೀಯ. ಬಾಡಿಗೆ ಜಾಸ್ತಿಯೇ, ಕ್ವೀನ್ಸ್ ಕಡೆ ನೋಡು. ಕೋಟು ಇಲ್ಲೇ ಕೊಂಡುಕೋ. ಸಾರಿನ ಪುಡಿ ಮರೀಬೇಡ.

ಗುಂಪು ಸೇರು. ನಾನು ಬಂದ ಹೊಸದರಲ್ಲಿ ಒಂದು ಗ್ಯಾಲರಿಯವರು ನನ್ನ ಮೈಸೂರು ಶೈಲಿಯ ಚಿತ್ರ ನೋಡಿ, ಚೆನ್ನಾಗಿದೆ, ಉಡುಗೊರೆ ಅಂಗಡಿಯಲ್ಲಿ ವಿಚಾರಿಸಿ ಅಂದರು. ಅದೇ ಚಿತ್ರವನ್ನು ನಮ್ಮ ಗುಂಪಿನ ಫಿಲಿಪೈನ್ಸ್ ಹುಡುಗಿ ದೀಪದ ಕೆಳಗೆ ಓರೆಯಾಗಿ ಹಿಡಿದು, ಗೆಸ್ಸೋ ಅಂದರೆ ಉಬ್ಬು ಲೇಪದ ಗೆರೆಯ ಮೇಲೆ ಹೆಬ್ಬೆರಳಾಡಿಸಿ, ಇಷ್ಟು ಸಣ್ಣ ಉಬ್ಬು ಉದುರದೆ ಹೇಗೆ ನಿಲ್ಲುತ್ತೆ ಅಂದಳು. ಆ ಲೇಪಕ್ಕೆ ಹಾಕುವ ಮಕ್ಕಿ ಸಫೇದ, ಗೋಂದು ಅಂತ ರಾತ್ರಿ ಹನ್ನೊಂದರ ತನಕ ಹೇಳಿದ್ದೇ ಹೇಳಿದ್ದು. ಅವತ್ತು ಯಾರೂ ನನ್ನ ದೇವರ ಬಗ್ಗೆ ಕೇಳಲಿಲ್ಲ, ಕೆಲಸದ ಬಗ್ಗೆ ಕೇಳಿದರು.

1990ರಲ್ಲಿ ಇಲ್ಲಿನ ಏಷ್ಯನ್ ಅಮೆರಿಕನ್ ಕಲಾವಿದರು ‘ಗಾಡ್ಜಿಲ್ಲಾ’ ಅಂತ ಒಂದು ಕೂಟ ಕಟ್ಟಿದರು. ಮರುವರ್ಷ, ವಿಟ್ನಿ ಮ್ಯೂಸಿಯಂ ಎರಡು ವರ್ಷಕ್ಕೊಮ್ಮೆ ನಡೆಸುವ ಬೈಯೆನಿಯಲ್ ಪ್ರದರ್ಶನದಲ್ಲಿ ನಮ್ಮವರು ಯಾಕಿಲ್ಲ ಅಂತ ನಿರ್ದೇಶಕರಿಗೇ ಪತ್ರ ಬರೆದರು. ಒಬ್ಬಳೇ ಬರೆದಿದ್ದರೆ ಜಗಳಗಂಟಿ ಅನ್ನಿಸಿಕೊಳ್ಳುತ್ತಿದ್ದಳು. ಗುಂಪಾಗಿ ಬರೆದದ್ದಕ್ಕೆ ಮ್ಯೂಸಿಯಂನವರು ಇವರ ಜೊತೆ ಕೂತು ಮಾತಾಡಲೇಬೇಕಾಯಿತು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗೆಂದು 1997ರಲ್ಲಿ ಕಲಾವಿದೆ ಜೈಶ್ರೀ ಅಬಿಚಂದಾನಿ ಒಂದು ಕೂಟ ಕಟ್ಟಿದ್ದೂ ಇದೇ ಊರಿನಲ್ಲಿ. ಆದರೆ ಯಾವ ಗುಂಪಾದರೂ ಕೊನೆಗೆ ಕುರ್ಚಿ ಮಡಿಸುವವರು ಅವರೇ ನಾಲ್ಕು ಜನ, ಅದು ನಿನಗೆ ಗೊತ್ತಿರುವುದೇ.

ನಮ್ಮದು ಗ್ರಾಂಟ್ ದುಡ್ಡಿನ ಲೆಕ್ಕಕ್ಕೆ ಮುನಿಸಾಗಿ ಒಡೆಯಿತು. ಹೋಗಲಿ, ದಾಯಾದಿ ಜಗಳ ನಾವು ಕಾಣದ್ದಲ್ಲ. ನನಗೆ ಹೊಟ್ಟೆ ಉರಿಯುವುದು ಕಾಗದಗಳಿಗೆ. ಆಮಂತ್ರಣಗಳು, ಸಭೆಯ ಟಿಪ್ಪಣಿ, ಸ್ಲೈಡು ಎಲ್ಲ ಒಬ್ಬರ ನೆಲಮಾಳಿಗೆಯಲ್ಲಿದ್ದವು. ಅವರು ಮನೆ ಮಾರುವಾಗ ಕಸಕ್ಕೆ ಹೋದವು. 1988ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಪಂಚಾಯತ್’ ಅನ್ನುವ ಕಲಾವಿದರ ಕೂಟದವರು ಇಂಥವೇ ಚೀಟಿಗಳನ್ನು ಕೂಡಿಟ್ಟರು. ಈಗ ಅವು ಅಲ್ಲಿನ ಟೇಟ್ ಕಲಾ ಮ್ಯೂಸಿಯಂನ ಗ್ರಂಥಾಲಯದಲ್ಲಿವೆ. ಸಂಶೋಧನೆ ಮಾಡುವ ಹುಡುಗರು ನನ್ನನ್ನೂ ಕೇಳಿಕೊಂಡು ಬರುತ್ತಾರೆ, ತೋರಿಸಲು ಒಂದು ಪೋಸ್ಟರೂ ಇಲ್ಲ. ನಾವೂ ಇಲ್ಲಿ ಏನೋ ಮಾಡಿದ್ದೆವು ಅಂತ ಬಾಯಲ್ಲಿ ಹೇಳಬೇಕು, ಅವರು ತಲೆಯಾಡಿಸಿ ಹೋಗುತ್ತಾರೆ. ಸೇರಿದ ದಿನವೇ ಒಂದು ಫೈಲು ಮಾಡು. ಫೋಟೋ ಹಿಂದೆ ತಾರೀಕು, ಯಾರು ಯಾರು ಇದ್ದರು ಬರಿ. ದುಡ್ಡಿನ ಲೆಕ್ಕವೂ ಅದರಲ್ಲೇ ಇರಲಿ.

ಇನ್ನೊಂದು. ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದುಕೊಂಡು ಚಿತ್ರ ಮಾರುವ ಮೊದಲು ಕಾಲೇಜಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ಕೇಳು. ಗೆಳೆಯರ ಮಾತು ನಂಬಬೇಡ, ನನ್ನದನ್ನೂ.