ಆಲ್ಫಾ ತಲೆ ಬಾಗಿದರೆ ಓದುಗರಿಗೆ ಸಿಟ್ಟೇಕೆ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮೊಬೈಲ್ ಆ್ಯಪ್ ಒಂದರಲ್ಲಿ ತೋಳಮಾನವರ ಪ್ರೇಮಕಥೆಯನ್ನು ಧಾರಾವಾಹಿಯಾಗಿ ಬರೆಯುತ್ತಿದ್ದೇನೆ. ನಾಯಕ ಹಿಂಡಿನ ಆಲ್ಫಾ, ಅಂದರೆ ಒಡೆಯ. ನಾಯಕಿ ಒಮೆಗಾ, ಹಿಂಡಿನಲ್ಲಿ ಎಲ್ಲರಿಗಿಂತ ಕೆಳಗಿನವಳು. ಮೊದಲ ಕಂತಿನಲ್ಲೇ ಅವನು ಅವಳನ್ನು ಹಿಂಡಿನ ಎದುರು ಬೇಡ ಎನ್ನುತ್ತಾನೆ. ಇಪ್ಪತ್ತನೇ ಕಂತಿನಲ್ಲಿ ಅಡುಗೆಮನೆಗೆ ಬಂದು ‘ತಪ್ಪಾಯ್ತು’ ಎನ್ನುತ್ತಾನೆ. ಅಲ್ಲಿಂದ ಓದುಗರು ಬೈಯುತ್ತಿದ್ದಾರೆ. ‘ಇವನೆಂಥ ಆಲ್ಫಾ’ ಅಂತ ಕೆಲವರು, ‘ಇಷ್ಟಕ್ಕೇ ಕ್ಷಮಿಸಿಬಿಟ್ಟಳಾ’ ಅಂತ ಕೆಲವರು. ಗಂಡಸು ತಲೆ ಬಾಗುವುದು ನಮ್ಮವರಿಗೆ ಇಷ್ಟ ಇಲ್ವಾ?

ಉತ್ತರ: ಇಷ್ಟ ಇದೆ. ಅದನ್ನು ನೋಡಲಿಕ್ಕೇ ಅವರು ಇಪ್ಪತ್ತು ಕಂತು ಕಾದಿದ್ದಾರೆ. ಎರಡೂ ಸಿಟ್ಟು ಹುಟ್ಟಿದ್ದು ಒಂದೇ ಜಾಗದಲ್ಲಿ. ಹತ್ತಾರು ಜನರ ಎದುರು ಅವನು ಮಾಡಿದ ಅವಮಾನವನ್ನು ಅಡುಗೆಮನೆ ಮೂಲೆಯಲ್ಲಿ, ಯಾರೂ ಇಲ್ಲದಾಗ ತೀರಿಸಿದ್ದಾನೆ. ಅದಕ್ಕೆ ಅವನು ಏನೂ ಕಳೆದುಕೊಳ್ಳಲಿಲ್ಲ.

ಈ ಬಗೆಯ ಕಥೆಯಲ್ಲಿ ಮೇಲು-ಕೀಳಿನ ಮೆಟ್ಟಿಲು ಸುಮ್ನೆ ಅಲಂಕಾರಕ್ಕೆ ಇರುವುದಿಲ್ಲ. ಅದು ಓದುಗರಿಗೆ ನೀವು ಕೊಟ್ಟ ಮಾತು. ‘ಈತ ಯಾರಿಗೂ ಬಗ್ಗುವವನಲ್ಲ’ ಅಂತ ಬರೆದ ಕ್ಷಣವೇ ಓದುಗರು ಮನಸ್ಸಿನಲ್ಲಿ ಮುಂದಿನ ಸಾಲು ಸೇರಿಸಿಕೊಳ್ಳುತ್ತಾರೆ: ‘ಇವಳೊಬ್ಬಳಿಗೆ ಬಗ್ಗುತ್ತಾನೆ’. ಯಕ್ಷಗಾನದಲ್ಲಿ ರಾವಣನ ಒಡ್ಡೋಲಗ ಅಷ್ಟು ಹೊತ್ತು ಯಾಕೆ ನಡೆಯುತ್ತದೆ? ಅವನು ಸೋಲುತ್ತಾನೆ ಅಂತ ಚೌಕಿಯ ಹತ್ತಿರ ನಿದ್ದೆ ಹೋದ ಮಗುವಿಗೂ ಗೊತ್ತು. ಆದರೂ ಆ ಅಬ್ಬರ ಪೂರ್ತಿ ಬೇಕು. ಎತ್ತರ ಕಾಣದಿದ್ದರೆ ಬೀಳುವುದೂ ಕಾಣುವುದಿಲ್ಲ.

ನಿಮ್ಮ ಕಥೆಯಲ್ಲೇ ಇದಕ್ಕೆ ದಾರಿ ಇದೆ. ಮೂರನೇ ಕಂತಿನಲ್ಲಿ ಒಂದು ನಿಯಮ ಬರೆದಿದ್ದೀರಿ: ಪಂಕ್ತಿಯಲ್ಲಿ ಒಡೆಯ ಮೊದಲ ತುತ್ತು ಎತ್ತುವ ತನಕ ಬೇರೆಯವರು ಎಲೆ ಮುಟ್ಟುವಂತಿಲ್ಲ. ಬಹಳ ಒಳ್ಳೆಯ ನಿಯಮ ಇದು, ಆಮೇಲೆ ನೀವು ಅದನ್ನು ಮರೆತುಬಿಟ್ಟಿರಿ. ಇಪ್ಪತ್ತನೇ ಕಂತನ್ನು ಅಲ್ಲಿಗೇ ತನ್ನಿ. ಎಲೆ ಹಾಕಿದೆ. ಅನ್ನ ಬಡಿಸಿದೆ, ಸಾರು ಬಂದಿದೆ. ಅವನು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾನೆ. ಅನ್ನದ ಹಬೆ ಆರುತ್ತಿದೆ. ಸಾರು ಹರಿದು ಎಲೆಯ ಅಂಚಿಗೆ ಬಂತು. ಒಂದು ಮಗು ಹಸಿವೆಯಿಂದ ಅಳಲು ಶುರು ಮಾಡಿತು. ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಕೊನೆಗೆ ಯಾರೋ ಕೇಳುತ್ತಾರೆ, ‘ಒಡೆಯಾ, ಇನ್ನೂ ಯಾರಿಗೆ ಕಾಯೋದು?’ ಅವನು ಅವಳ ಹೆಸರು ಹೇಳುತ್ತಾನೆ.

ಕ್ಷಮೆ ಎಂಬ ಪದವೇ ಬೇಡ. ಆ ಹೆಸರು ಹೇಳಿದ್ದಕ್ಕೆ ಹಿರಿಯರಲ್ಲಿ ಇಬ್ಬರು ಎದ್ದು ಹೋಗಲಿ, ಅವನ ಪಟ್ಟಕ್ಕೇ ಕುತ್ತು ಬರಲಿ. ಅವಳು ಬಂದು ಕೂರಲೇಬೇಕು ಅಂತಲೂ ಇಲ್ಲ. ನಾನಾಗಿದ್ದರೆ ಆ ರಾತ್ರಿ ಅವಳನ್ನು ಕರೆತರುತ್ತಿರಲಿಲ್ಲ. ತಿರಸ್ಕಾರದಿಂದ ಶುರುವಾಗುವ ಕಥೆ ಓದುವವರಿಗೆ ಅವನು ಅಂಗಲಾಚುವ ಕಂತುಗಳು ಎಷ್ಟಿದ್ದರೂ ಸಾಲುವುದಿಲ್ಲ.

ಇನ್ನೊಂದು ವಿಷಯ. ‘ಒಮೆಗಾ’ ಪದ ನಿಮ್ಮನ್ನು ತೊಂದರೆಗೆ ಸಿಕ್ಕಿಸಬಹುದು. ತೋಳಮಾನವರ ಕಥೆಗಳಲ್ಲಿ ಅದು ಕೊನೆಯ ಮೆಟ್ಟಿಲು. ಆದರೆ 2010ರ ಸುಮಾರಿಗೆ ಅಮೆರಿಕದ ಒಂದು ಟಿವಿ ಸರಣಿಯ ಅಭಿಮಾನಿಗಳು ಬರೆದ ಕಥೆಗಳಿಂದ ‘ಒಮೆಗಾವರ್ಸ್’ ಎಂಬ ಬೇರೆಯೇ ಕವಲು ಹುಟ್ಟಿತು. ಅಲ್ಲಿ ಆಲ್ಫಾ, ಬೀಟಾ, ಒಮೆಗಾ ಎಂದರೆ ಹುಟ್ಟಿನಿಂದ ಬಂದ ದೇಹದ ಬಗೆ, ಗೆದ್ದು ಪಡೆಯುವ ಸ್ಥಾನ ಅಲ್ಲ. ಅಲ್ಲಿಂದ ಬಂದ ಓದುಗರು ನಿಮ್ಮ ಕಥೆಯಲ್ಲಿ ವಾಸನೆ, ಬೆದೆ, ಗೂಡು ಕಟ್ಟುವುದು ಇವನ್ನೆಲ್ಲ ಹುಡುಕುತ್ತಾರೆ. ನಿಮ್ಮದು ಯಾವ ಲೋಕ ಅಂತ ಎರಡನೇ ಕಂತಿನೊಳಗೆ ಗೊತ್ತಾಗಬೇಕು.

ಪ್ರಶ್ನೆ: ನಿಜವಾದ ತೋಳಗಳಲ್ಲಿ ಆಲ್ಫಾ ಇರುತ್ತದಾ? (ಕುಮಟಾದ ಕಾಲೇಜು ವಿದ್ಯಾರ್ಥಿ)

ಉತ್ತರ: ಕಥೆಗಳಲ್ಲಿ ಇರುವ ಹಾಗೆ ಇಲ್ಲ. ಆ ಚಿತ್ರ ಬಂದದ್ದು ಮುಖ್ಯವಾಗಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಇನ್ನಷ್ಟು ಜನರಿಗೆ ಮುಟ್ಟಿಸಿದರು. ಮುಂದೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆಗೆ ಹೋಗಿ ಕಾಡುತೋಳಗಳನ್ನು ಹತ್ತಿರದಿಂದ ನೋಡಿದರು. 1999ರಲ್ಲಿ ಬರೆದರು: ಸಾಮಾನ್ಯವಾಗಿ ಹಿಂಡು ಅಂದರೆ ಒಂದು ಸಂಸಾರ. ಅಪ್ಪ, ಅಮ್ಮ, ಮಕ್ಕಳು. ಹೋರಾಡಿ ಮೇಲೆ ಬಂದವರು ಯಾರೂ ಅಲ್ಲ. ತನ್ನ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನು ಅವರು ವರ್ಷಗಟ್ಟಲೆ ಕೇಳಿಕೊಂಡರು. ಇಂಥ ವಿಜ್ಞಾನಿಯನ್ನು ಕಂಡರೆ ನನಗೆ ತುಂಬ ಗೌರವ.

ಖಚಿತವಾದ ಮೆಟ್ಟಿಲು ನೋಡಬೇಕಾದರೆ ಮನೆಯಂಗಳದ ಕೋಳಿಗಳನ್ನು ನೋಡಿ. ನುಚ್ಚು ಎಸೆಯಿರಿ. ಒಂದು ಹೇಂಟೆ ಮುಂದೆ ಬರುತ್ತದೆ, ಪಕ್ಕದ್ದನ್ನು ಕುಕ್ಕುತ್ತದೆ, ಅದು ಇನ್ನೊಂದನ್ನು ಕುಕ್ಕುತ್ತದೆ. ಎಲ್ಲರ ಕೈಲಿ ಕುಕ್ಕಿಸಿಕೊಂಡ ಒಂದು ಮಾತ್ರ ಕಟ್ಟಿಗೆ ರಾಶಿಯ ಹತ್ತಿರ ಕಾಯುತ್ತದೆ. 1920ರ ದಶಕದ ಆರಂಭದಲ್ಲಿ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ ಈ ಕುಕ್ಕುವ ಸರದಿಯ ಬಗ್ಗೆ ಬರೆದರು. ಪ್ರಾಣಿಗಳ ಮೇಲು-ಕೀಳಿನ ಅಧ್ಯಯನ ಬೆಳೆದದ್ದು ಅಲ್ಲಿಂದ.

ಶಿರಸಿಯ ಲೇಖಕಿಗೂ ಇಲ್ಲೊಂದು ಮಾತು. ತೋಳ ಇರುವುದು ಕೊಪ್ಪಳದ ಕಡೆಯ ಕುರುಚಲು ಬಯಲಲ್ಲಿ. ನಮ್ಮ ಘಟ್ಟದ ಕಾಡಿನದು ಕೆನ್ನಾಯಿ, ಅಂದರೆ ಸೀಳುನಾಯಿ. ಅವು ಸಿಳ್ಳೆ ಹೊಡೆದು ಒಂದನ್ನೊಂದು ಕರೆಯುತ್ತವೆ. ಬೇಟೆಯಾದ ಮೇಲೆ ಮರಿಗಳಿಗೆ ಮೊದಲು ತಿನ್ನಲು ಬಿಡುತ್ತವೆ. ನಿಮ್ಮ ಪಂಕ್ತಿಯ ನಿಯಮದ ಪಕ್ಕ ಇದನ್ನಿಟ್ಟು ನೋಡಿ. ಅಳುತ್ತಿದ್ದ ಆ ಮಗುವಿಗೆ ಯಾರು ಮೊದಲು ತುತ್ತು ಕೊಡುತ್ತಾರೆ?

ಪ್ರಶ್ನೆ: ತೋಳಮಾನವರ ಕಥೆಯಲ್ಲಿ ವಿಧಿ ಕೂಡಿಸಿದ ಜೋಡಿ ಅಂದಮೇಲೆ ಹುಡುಗಿಯ ಒಪ್ಪಿಗೆ ಬೇರೆ ಬರೆಯಬೇಕಾ? (ಕಾರವಾರ)

ಉತ್ತರ: ಬರೆಯಲೇಬೇಕು. ವಿಧಿಯ ಬಂಧ ಅವಳನ್ನು ಎಳೆಯಬಹುದು, ಹೂಂ ಅನ್ನುವುದು ಅವಳ ಕೈಲೇ ಇರಬೇಕು. ನಿಮ್ಮ ಊರಿನ ದೋಣಿಗಳನ್ನೇ ನೋಡಿ. ಸಮುದ್ರದಲ್ಲಿ ದೋಣಿಯ ಮುಖ್ಯಸ್ಥ ತಾಂಡೇಲ ಹೇಳಿದ್ದೇ ಕೊನೆ, ಬಲೆ ಬಿಡು ಅಂದರೆ ಬಿಡಬೇಕು. ದಡಕ್ಕೆ ಬಂದ ಮೇಲೆ ಅದೇ ದನಿಯಲ್ಲಿ ಹೆಂಡತಿಯನ್ನು ಕರೆದರೆ ನಡೆಯುತ್ತದಾ? ನಿಮ್ಮ ಆಲ್ಫಾನ ಅಪ್ಪಣೆ ಎಲ್ಲಿ ನಡೆಯುತ್ತದೆ, ಯಾವ ಹೊಸ್ತಿಲಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ಬಲವಂತದ ದೃಶ್ಯ ಕಥೆಗೆ ಬೇಕೇಬೇಕು ಅನಿಸಿದರೆ ಆ ಕಂತಿನ ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕಿ. ಮಲಗುವ ಮುಂಚೆ ಫೋನಿನಲ್ಲಿ ಒಬ್ಬಳೇ ಓದುವ ಹುಡುಗಿ ನಿಮ್ಮನ್ನು ನಂಬಿ ಆ ಪುಟ ತೆರೆದಿರುತ್ತಾಳೆ.